ಕುಂಬು, ಲಡ್ಡು, ಟೊಳ್ಳು: ಹಳೇ ದೋಣಿ ರಿಪೇರಿಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ. ಒಂದೇ ಒಂದು ಪದ ಕೇಳೋಣ ಅಂತ ಕೂತೆ, ಬರೆಯುತ್ತಾ ನಾಲ್ಕೈದಾಯಿತು, ಬೈಯಬೇಡಿ.

ನಾನಿರುವುದು ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ. ಹೋದ ವರ್ಷ 1976ರ ಒಂದು ಹಾಯಿದೋಣಿ ತಗೊಂಡೆ, 26 ಅಡಿಯದು. ಅಗ್ಗಕ್ಕೆ ಸಿಕ್ಕಿತು ಅಂತ ಖುಷಿಪಟ್ಟಿದ್ದೆ, ಯಾಕೆ ಅಗ್ಗ ಅಂತ ಈಗ ಗೊತ್ತಾಗುತ್ತಿದೆ. ಮಾಡಿದ ರಿಪೇರಿಯನ್ನೆಲ್ಲ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದಿಡುತ್ತಿದ್ದೇನೆ. ತೊಡಕು ಶುರುವಾಗಿದ್ದು ಅಲ್ಲಿಂದ.

ನನ್ನ ದೋಣಿಯ ಡೆಕ್ (ಮೇಲೆ ನಿಂತು ಓಡಾಡುವ ಹಾಸು) ಮೂರು ಪದರದ್ದು. ಮೇಲೂ ಕೆಳಗೂ ತೆಳು ಫೈಬರ್, ನಡುವೆ ಪ್ಲೈವುಡ್. ಡೆಕ್ಕಿಗೆ ಕೂರಿಸಿದ ಪ್ರತಿಯೊಂದು ಕೊಂಡಿಗೂ ಕಂಬಿಗೂ ಬೋಲ್ಟಿನ ತೂತುಗಳಿವೆ. ಆ ತೂತಿನ ಸುತ್ತ ಮೆತ್ತಿದ ಅಂಟು ವರ್ಷ ಕಳೆದ ಹಾಗೆ ಒಣಗಿ ಬಿರಿಯುತ್ತದೆ, ನೀರು ಒಳಗೆ ಇಳಿಯುತ್ತದೆ, ಎರಡೂ ಕಡೆ ಫೈಬರ್ ಇರುವುದರಿಂದ ಇಳಿದ ನೀರಿಗೆ ಹೊರಗೆ ಬರಲು ದಾರಿ ಇಲ್ಲ, ಹಾಗಾಗಿ ನಡುವಿನ ಮರ... ಇಲ್ಲೇ ನನ್ನ ಪ್ರಶ್ನೆ. ಮರ ಏನಾಗುತ್ತದೆ?

ಮೊದಲು ‘ಕೊಳೆಯುತ್ತದೆ’ ಅಂತ ಬರೆದೆ. ಯಾಕೋ ಸರಿ ಕಾಣಲಿಲ್ಲ. ಕೊಳೆಯುವುದು ಹಣ್ಣು, ತರಕಾರಿ, ಮಳೆಗಾಲದ ಅಡಿಕೆ. ಫೋನಿನಲ್ಲಿ ಆಯಿಗೆ ವಿವರಿಸಿದೆ (ನಮ್ಮದು ಹೊನ್ನಾವರದ ಕಡೆ). ಪೂರ್ತಿ ಕೇಳಲೂ ಇಲ್ಲ, ‘ಅದು ಕುಂಬಾಯ್ದು ತಮಾ’ ಅಂದಳು. ಪಕ್ಕದಲ್ಲೇ ಇದ್ದ ನನ್ನ ಹೆಂಡತಿ, ತೀರ್ಥಹಳ್ಳಿಯವಳು, ‘ಅದಕ್ಕೆ ಲಡ್ಡು ಹಿಡಿದಿದೆ ಅನ್ನೋದು’ ಅಂದಳು. ಇವೆರಡೂ ಒಂದೇನಾ? ಬೆರಳಲ್ಲಿ ಒತ್ತಿದರೆ ಪುಡಿಯಾಗುವುದಕ್ಕೆ ಒಂದು, ಹಸಿಯಾಗಿ ನಾರುನಾರಾಗಿ ಬರುವುದಕ್ಕೆ ಇನ್ನೊಂದು ಅಂತ ಏನಾದರೂ ಇದೆಯಾ, ಇಲ್ಲ ಸುಮ್ನೆ ಊರಿನ ವ್ಯತ್ಯಾಸವಾ? ನನ್ನ ಡೆಕ್ಕಿನಲ್ಲಿ ಎರಡೂ ಧಾರಾಳವಾಗಿವೆ.

ಇದರ ಜೊತೆಗೇ ಇನ್ನೊಂದು. ಸುತ್ತಿಗೆಯ ಹಿಡಿಯಿಂದ ಡೆಕ್ ತಟ್ಟುತ್ತಾ ಹೋದರೆ ಗಟ್ಟಿ ಇರುವ ಕಡೆ ‘ಟಕ್ ಟಕ್’ ಅನ್ನುತ್ತದೆ, ಕೆಟ್ಟ ಕಡೆ ‘ಬದ್ ಬದ್’. ಹಲಸಿನ ಹಣ್ಣು ತಟ್ಟಿ ನೋಡಿದವರಿಗೆ ಇದನ್ನು ಕಲಿಸಬೇಕಾಗಿಲ್ಲ. ಆದರೆ ‘ಬದ್’ ಅಂದ ಕಡೆಯೆಲ್ಲ ಮರ ಹಾಳಾಗಿಲ್ಲ. ಕೆಲವು ಕಡೆ ಮರ ಚೆನ್ನಾಗಿಯೇ ಇದೆ, ಅಂಟು ಬಿಟ್ಟು ಫೈಬರ್ ಮಾತ್ರ ಮೇಲೆದ್ದಿದೆ. ಇದನ್ನು ಟೊಳ್ಳು ಅಂದರೆ ಒಳಗೆ ಏನೂ ಇಲ್ಲ ಅಂದ ಹಾಗಾಗುತ್ತದೆ. ಹಕ್ಕಳೆ ಎದ್ದಿದೆ ಅನ್ನೋಣ ಅಂದರೆ ಚೂರು ಕಿತ್ತು ಬರಬೇಕು, ಇಲ್ಲಿ ಮೇಲಿಂದ ನೋಡಿದರೆ ಏನೂ ಕಾಣುವುದಿಲ್ಲ. ಗೋಡೆಯ ಗಾರೆ ಹೀಗೆ ಒಳಗೊಳಗೇ ಬಿಟ್ಟುಕೊಂಡಾಗ ಗಾರೆ ಕೆಲಸದವರು ಏನನ್ನುತ್ತಾರೆ? ಅವರ ಮಾತು ಸಿಕ್ಕರೆ ಅದನ್ನೇ ಇಟ್ಟುಕೊಳ್ಳುತ್ತೇನೆ.

ರಿಪೇರಿಗೆ ಮಾತ್ರ ಪದ ಹುಡುಕಬೇಕಾಗಲಿಲ್ಲ. ಬೋಲ್ಟ್ ತೆಗೆದು, ತೂತು ದೊಡ್ಡದು ಮಾಡಿ, ಒಳಗಿನ ಮರ ಪೂರ್ತಿ ಒಣಗಿದ ಮೇಲೆ ತೆಳು ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಕಲ್ಲಿನಂತೆ ಗಟ್ಟಿಯಾಗುವ ಅಂಟು) ಹಾಕುವುದು, ಆಮೇಲೆ ಗಟ್ಟಿ ಎಪಾಕ್ಸಿ ತುಂಬಿ, ಅದರ ನಡುವೆ ಹೊಸ ತೂತು ಕೊರೆಯುವುದು. ಆಗ ಮುಂದೆ ನೀರು ಒಸರಿದರೂ ಮರಕ್ಕೆ ತಾಗುವುದಿಲ್ಲ. ಊರಲ್ಲಿ ದೋಣಿಗೆ ಗೇರೆಣ್ಣೆ ‘ಕುಡಿಸುತ್ತಾರೆ’ ಅಲ್ವಾ, ನಾನೂ ಎಪಾಕ್ಸಿ ಕುಡಿಸಿದೆ ಅಂತಲೇ ಬರೆದೆ.

ಇನ್ನು ಹಗ್ಗಗಳು. ಇಂಗ್ಲಿಷಿನಲ್ಲಿ ದೋಣಿಯ ‘ಶೀಟ್’ ಅಂದರೆ ಬಟ್ಟೆಯಲ್ಲ, ಹಾಯಿಯನ್ನು ಹತೋಟಿಯಲ್ಲಿಡುವ ಹಗ್ಗ. ಹಳೇ ಇಂಗ್ಲಿಷಿನಲ್ಲಿ ಹಾಯಿಯ ಕೆಳಮೂಲೆಗೆ ಇದ್ದ ಹೆಸರು ಹಗ್ಗಕ್ಕೆ ಅಂಟಿಕೊಂಡಿದೆ. ಇದನ್ನು ಕನ್ನಡದಲ್ಲಿ ಲಗಾಮು ಅಂದರೆ ಹೇಗೆ? ಗಾಳಿ ಜೋರಾದರೆ ಸಡಿಲ ಬಿಡುವುದು, ಕಮ್ಮಿಯಾದರೆ ಬಿಗಿ ಹಿಡಿಯುವುದು, ಕೆಲಸ ಅದೇ. ಹಾಯಿ ಏರಿಸುವ ‘ಹಾಲ್ಯಾರ್ಡ್’ ಕಂಬದ ತುದಿಯ ರಾಟೆ ಮೇಲೆ ಹಾದು ಕೆಳಗೆ ಬರುತ್ತದೆ. ನನಗೆ ಅದು ಬಾವಿ ಹಗ್ಗವೇ, ಸೇದಿದರೆ ಕೊಡದ ಬದಲು ಹಾಯಿ ಮೇಲೆ ಬರುತ್ತದೆ ಅಷ್ಟೆ. ಕಂಬ ಬೀಳದ ಹಾಗೆ ಎಳೆದು ಕಟ್ಟಿದ ತಂತಿಗೆ ನಮ್ಮ ಲೈನ್‌ಮನ್‌ಗಳ ‘ಸ್ಟೇ ವೈರ್’ ಸಾಕು, ಹೊಸ ಪದ ಬೇಡ ಅಂತ ನನ್ನ ಅಭಿಪ್ರಾಯ. ಆ ‘ಸ್ಟೇ’ ಹಡಗಿನಿಂದಲೇ ಕರೆಂಟ್ ಕಂಬಕ್ಕೆ ಬಂದಿದ್ದು. ಚುಕ್ಕಾಣಿ ಅರಬ್ಬಿಯ ‘ಸುಕ್ಕಾನ್’, ಲಂಗರು ಪಾರಸಿಯಿಂದ ಬಂದಿದ್ದು. ಹೊರಗಿನಿಂದ ಬಂದ ಪದಕ್ಕೆ ದೋಣಿಯವರು ಯಾವತ್ತೂ ಮುಖ ತಿರುಗಿಸಿದವರಲ್ಲ. ಹಾಯಿ ಮಾತ್ರ ನಮ್ಮದೇ, ತಮಿಳಿನ ‘ಪಾಯ್’ ಇದರದ್ದೇ ಬಳಗ. ಅಲ್ಲಿ ಅದಕ್ಕೆ ಚಾಪೆ ಅನ್ನುವ ಅರ್ಥವೂ ಇದೆ.

ಕೊನೆಗೆ ಕಂಬ. ನಿಘಂಟಿನಲ್ಲಿ ಕೂವೆ, ಕೂವೆಮರ ಅಂತಿದೆ. ನಮ್ಮ ಮನೆಯಲ್ಲಿ ಕೂವೆ ಅಂದರೆ ಹೊಟ್ಟೆ ಕೆಟ್ಟಾಗ ಗಂಜಿ ಕಾಯಿಸಿ ಕೊಡುವ ಕೂವೆ ಹಿಟ್ಟು. ‘ಕೂವೆ ಹಳೇದಾಗಿದೆ, ಬದಲಿಸಬೇಕು’ ಅಂದಿದ್ದಕ್ಕೆ ಆಯಿ ಯಾರಾದರೂ ಬರುವವರಿದ್ದರೆ ಅರ್ಧ ಕಿಲೋ ಕಳಿಸುತ್ತಾಳಂತೆ. ದೋಣಿಯ ಕಂಬಕ್ಕೆ ಬಾಯಲ್ಲಿ ಕೂವೆ ಅನ್ನುವವರನ್ನು ನಿಮ್ಮಲ್ಲಿ ಯಾರಾದರೂ ಕೇಳಿದ್ದೀರಾ? ಯಾವ ಊರಲ್ಲಿ? ಶನಿವಾರ ಮುಂಭಾಗದ ತೂತುಗಳನ್ನು ತುಂಬುವುದಿದೆ. ಅಷ್ಟರೊಳಗೆ ಕುಂಬೋ ಲಡ್ಡೋ ಅಷ್ಟಾದರೂ ಹೇಳಿಬಿಡಿ, ನೋಟ್‌ಬುಕ್ಕಿನಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೇನೆ.