6ರಿಂದ 8ನೇ ಕ್ಲಾಸಿನ ಮಕ್ಕಳನ್ನು ಸಂಜೆ ಆಟಕ್ಕೆ ಇಳಿಸುವುದು ಹೇಗೆ?

ಕಬ್ಬಿನಗದ್ದೆ:
ಮಂಡ್ಯ ಕಡೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ನಮ್ಮೂರಿನದು. ಪಿಟಿ ಮೇಷ್ಟ್ರ ಹುದ್ದೆ ಖಾಲಿ. ಆಟದ ಪೀರಿಯಡ್ಡಿಗೆ ಗಣಿತದವರು ಬಂದು ಪಾಠ ಮುಂದುವರಿಸುತ್ತಾರೆ. ಸ್ಕೂಲ್ ಬಿಟ್ಟರೆ ಟ್ಯೂಷನ್, ಇಲ್ಲ ಮೊಬೈಲ್. ಊರಿನ ನಾವೊಂದಷ್ಟು ಹುಡುಗರು ಸಂಜೆ ಆಡಿಸೋಣ ಅಂತ ಹೊರಟೆವು, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ)ಯವರು ಒಪ್ಪಿದರು, ಹೆಡ್ ಮಿಸ್ ಗೇಟಿನ ಬೀಗದ ಕೈಯನ್ನೂ ಕೊಟ್ಟರು. ಕ್ರಿಕೆಟ್ ಇಟ್ಟೆವು. ಮೊದಲು ಗ್ರೌಂಡ್ ತುಂಬಿತ್ತು, ಈಗ ಅದೇ ಏಳೆಂಟು ಜೋರು ಹುಡುಗರು ಮಾತ್ರ ಬರುತ್ತಾರೆ. ಹೆಣ್ಣುಮಕ್ಕಳು ಒಬ್ಬರೂ ಇಲ್ಲ. ಪಂಚಾಯಿತಿಯಿಂದ ಸ್ವಲ್ಪ ದುಡ್ಡು ಸಿಗುವ ಹಾಗಿದೆ. ಕ್ರಿಕೆಟ್ ಕಿಟ್ ತೆಗೆದುಕೊಳ್ಳೋಣವಾ?

ಹಳೇ ಪಿಟಿ ಮೇಷ್ಟ್ರು:
ಕಿಟ್ ಬೇಡಪ್ಪ. ಕ್ರಿಕೆಟ್‌ನಲ್ಲಿ ಒಬ್ಬ ಬೌಲಿಂಗ್, ಒಬ್ಬ ಬ್ಯಾಟಿಂಗ್, ಮಿಕ್ಕವರು ಬಿಸಿಲಲ್ಲಿ ನಿಂತಿರುತ್ತಾರೆ ಅಷ್ಟೆ. 5ರಿಂದ 17 ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಫೀಲ್ಡಿಂಗ್‌ಗೆ ನಿಂತವನಿಗೆ ಅದೆಲ್ಲಿ ಬರಬೇಕು?

ಖೊಖೊ ಹಾಕಿ. ಎರಡು ಕಂಬ, ಸುಣ್ಣದ ಪುಡಿ, ಅಷ್ಟೇ ಖರ್ಚು. ಆದರೆ ರೂಲ್ಸ್ ಪ್ರಕಾರ ಆಡಿಸಿದರೆ ಇಲ್ಲೂ ತೊಂದರೆ ಇದೆ: ಎಂಟು ಜನ ಕೂತಿರುತ್ತಾರೆ, ಔಟಾದವರು ಹೊರಗೆ. ನಿಧಾನದ ಮಗು ಮೊದಲು ಔಟಾಗುತ್ತದೆ, ಓಟ ಜಾಸ್ತಿ ಬೇಕಾಗಿದ್ದು ಅದಕ್ಕೇ ಅಲ್ವಾ? ಅದಕ್ಕೆ ಔಟಾದವರನ್ನು ಕೂರಿಸಬೇಡಿ, ಪಕ್ಕದಲ್ಲೇ ಲಗೋರಿಗೆ ಕಳಿಸಿ. ಐದೈದು ನಿಮಿಷಕ್ಕೆ ಸರದಿ ಬದಲಿಸಿ. ಟೀಮ್ ಆರಿಸುವ ಕೆಲಸ ಜೋರು ಹುಡುಗರಿಗೆ ಕೊಡಲೇಬೇಡಿ, ಕೊನೆಗೆ ಉಳಿದ ಮಗು ಮಾರನೇ ದಿನ ಬರುವುದಿಲ್ಲ. ದುಡ್ಡು ಸಿಕ್ಕಿದರೆ ಕಲ್ಲು ಆರಿಸಿ ನೆಲ ಮಟ್ಟ ಮಾಡಿಸಿ.

ಸುಮಾ, ತಿ. ನರಸೀಪುರ:
ಹೆಣ್ಣುಮಕ್ಕಳು ಯಾಕೆ ಬರುತ್ತಿಲ್ಲ ಅಂತ ಅವರ ಅಮ್ಮಂದಿರನ್ನು ಕೇಳಿದ್ದೀರಾ ಅಣ್ಣ? ನನ್ನ ಮಗಳು ಏಳನೇ ಕ್ಲಾಸು. ಲಂಗದಲ್ಲಿ ಓಡುವುದಕ್ಕೆ ನಾಚಿಕೆ, ಚೂಡಿದಾರ್ ಪ್ಯಾಂಟ್ ಹಾಕಿಕೊಂಡು ಬರಬಹುದು ಅಂತ ನೀವೇ ಹೇಳಬೇಕು. ಗೇಟು ತೆಗೆಯುತ್ತೀರಿ, ಟಾಯ್ಲೆಟ್ ಬೀಗ? ಮುಟ್ಟಾದ ದಿನಗಳಲ್ಲಿ ಹುಡುಗಿಯರು ಬರದಿರುವುದಕ್ಕೆ ಅದೊಂದೇ ಸಾಕು. ಮನೆಯಲ್ಲಿ ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳುವ ಕೆಲಸ ಬೇರೆ, ಆ ಚಿಕ್ಕವರನ್ನೂ ಕರೆದುಕೊಂಡು ಬನ್ನಿ ಅನ್ನಿ. ಗ್ರೌಂಡಿನಲ್ಲಿ ಬರೀ ಹುಡುಗರೇ ಇದ್ದರೆ ನಾನಂತೂ ಕಳಿಸುವುದಿಲ್ಲ. ಸ್ತ್ರೀಶಕ್ತಿ ಸಂಘದವರಲ್ಲಿ ಇಬ್ಬಿಬ್ಬರು ಸರದಿಯಲ್ಲಿ ಬಂದು ಕೂರಲಿ, ಕತ್ತಲಾಗುವುದರೊಳಗೆ ಬಿಡಿ.

ಅಪ್ಪಂದಿರು ಗೊಣಗಿದರೆ ಚೈತ್ರಾ ಹೆಸರು ಹೇಳಿ. ನಮ್ಮ ತಾಲ್ಲೂಕಿನ ಕುರುಬೂರಿನವಳು, 2025ರ ಜನವರಿಯಲ್ಲಿ ದೆಹಲಿಯಲ್ಲಿ ಖೊಖೊ ವಿಶ್ವಕಪ್ ಗೆದ್ದ ತಂಡದಲ್ಲಿದ್ದಳು.

ರಾಜಾಜಿನಗರ ಬಾಯ್:
ಹೋಬಳಿ ಮಟ್ಟದಲ್ಲಿ ಒಂದು ಕಪ್ ಗೆದ್ದರೆ ಎಲ್ಲರೂ ತಾವಾಗಿಯೇ ಬರುತ್ತಾರೆ. ಸುಮ್ನೆ ಆಡಿಸಿದರೆ ಮಕ್ಕಳಿಗೆ ಗುರಿ ಏನು?

ಹಳೇ ಪಿಟಿ ಮೇಷ್ಟ್ರು:
ಕಪ್ಪಿಗೆ ಹನ್ನೆರಡು ಜನ ಸಾಕು ಸ್ವಾಮಿ, ಇಡೀ ಸ್ಕೂಲ್ ಓಡಬೇಕು ಅನ್ನುವುದು ಇವರ ಪ್ರಶ್ನೆ. ಟೀಮ್ ಬೇಕಿದ್ದರೆ ಬೇರೆ ಹೊತ್ತಲ್ಲಿ ಕಟ್ಟಲಿ.

ಕಬ್ಬಿನಗದ್ದೆ:
ಟಾಯ್ಲೆಟ್ ಬೀಗದ ವಿಷಯ ನಮಗ್ಯಾರಿಗೂ ಹೊಳೆದೇ ಇರಲಿಲ್ಲ ಅಕ್ಕಾ, ಸೋಮವಾರ ಹೆಡ್ ಮಿಸ್ ಹತ್ತಿರ ಕೇಳುತ್ತೇನೆ. ಲಗೋರಿಗೆ ಒಡೆದ ಹೆಂಚು ಬೇಕಾದಷ್ಟಿದೆ. ಮೇಷ್ಟ್ರೇ, ಮಳೆ ಹಿಡಿದರೆ ಏನು ಮಾಡುವುದು?

ಹಳೇ ಪಿಟಿ ಮೇಷ್ಟ್ರು:
ಜಗಲಿ ಇದೆಯಲ್ಲ. ಸ್ಕಿಪ್ಪಿಂಗ್ ಹಗ್ಗ, ಕುಂಟೆಬಿಲ್ಲೆ. ನೆಲ ಜಾರುತ್ತಿದ್ದರೆ ಮಾತ್ರ ಬೇಡ. ಆಡಿಸಲು ಯಾರು ಯಾವ ದಿನ ಅಂತ ನಿಮ್ಮ ಹುಡುಗರ ಹೆಸರು ಈಗಲೇ ಬರೆದು ಗೋಡೆಗೆ ಅಂಟಿಸಿ, ಮಳೆಗಾಲದಲ್ಲಿ ಮೊದಲು ಚಕ್ಕರ್ ಹಾಕುವುದು ದೊಡ್ಡವರೇ.