ಸಹಾಯ ಬೇಕು: ಹಿಮನದಿ ಉಜ್ಜಿದ ಬಂಡೆಗಳ ಚಿತ್ರಗಳು

ಎಲ್ಲರಿಗೂ ನಮಸ್ಕಾರ. ಬಾದಾಮಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮುಂದಿನ ವಾರ ಹಿಮನದಿಯ ಪಾಠವಿದೆ.

ವರ್ಷದಿಂದ ವರ್ಷಕ್ಕೆ ಬಿದ್ದ ಹಿಮ ಕರಗದೆ ಪದರವಾಗಿ ಕೂತು, ಮೇಲಿನ ಭಾರಕ್ಕೆ ಒಳಗಿನ ಗಾಳಿ ಹೊರಬಿದ್ದು ಗಟ್ಟಿ ಮಂಜುಗಡ್ಡೆಯಾಗುವುದನ್ನು ಮಕ್ಕಳಿಗೆ ತಿಳಿಸಬಲ್ಲೆ. ಆ ಗಡ್ಡೆ ತನ್ನ ಭಾರಕ್ಕೆ ತಾನೇ ಸರಿಯುತ್ತಾ ಬೆಟ್ಟ ಕೆತ್ತುತ್ತದೆ ಎಂಬುದನ್ನು ಮಾತ್ರ ಕಣ್ಣಿಗೆ ಕಾಣುವಂತೆ ತೋರಿಸಬೇಕು. ನಮ್ಮ ಮಕ್ಕಳು ಕಂಡಿರುವುದು ಮಲಪ್ರಭೆಯ ನೀರು ಮಾಡಿದ ಕೆಲಸ.

ಊಟದ ಡಬ್ಬಿಯಲ್ಲಿ ಮರಳು ಬೆರೆಸಿದ ನೀರನ್ನು ಗಡ್ಡೆಗಟ್ಟಿಸಿ ಹಸಿ ಜೇಡಿಮಣ್ಣಿನ ಮೇಲೆ ಉಜ್ಜಿ ನೋಡಿದೆ. ಒಂದೇ ದಿಕ್ಕಿಗೆ ಸಮಾನಾಂತರ ಗೀರುಗಳು ಚೆನ್ನಾಗಿ ಮೂಡಿದವು! ಹಿಮನದಿಯ ತಳದಲ್ಲಿ ಸಿಕ್ಕಿಕೊಂಡ ಕಲ್ಲುಗಳು ಬಂಡೆಯನ್ನು ಗೀರುವುದೂ ಹೀಗೆಯೇ. ಆದರೆ ನದಿ ಕೊರೆದ ಕಿರಿದಾದ ಕಣಿವೆಯನ್ನು ಹಿಮನದಿ ಅಗಲಿಸಿ, ಕಡಿದಾದ ಗೋಡೆ, ಚಪ್ಪಟೆ ತಳದ ಕಣಿವೆಯಾಗಿಸುವುದನ್ನು ಈ ಪ್ರಯೋಗ ತೋರಿಸುವುದಿಲ್ಲ. ಇದಕ್ಕೆ ಸುಲಭದ ಮಾದರಿ ಯಾರಾದರೂ ಮಾಡಿದ್ದೀರಾ?

ಗಂಗೋತ್ರಿ, ಗೋಮುಖದ ಕಡೆ ಚಾರಣ ಹೋದವರು ಗೀರುಬಿದ್ದ ಬಂಡೆ, ಹಿಮನದಿ ತಂದು ಸುರಿದ ಕಲ್ಲುಮಣ್ಣಿನ ದಿಬ್ಬಗಳ ಸ್ಪಷ್ಟ ಚಿತ್ರಗಳಿದ್ದರೆ ದಯವಿಟ್ಟು ಹಾಕಿ. ಅಳತೆ ತಿಳಿಯಲು ಪಕ್ಕದಲ್ಲಿ ಮನುಷ್ಯರಿದ್ದರೆ ಇನ್ನೂ ಉತ್ತಮ. ಒಡಿಶಾದ ತಾಲ್ಚೇರ್ ಬಳಿ ಸುಮಾರು 30 ಕೋಟಿ ವರ್ಷಗಳ ಹಿಂದಿನ ಹಿಮನದಿಗಳು ಬಿಟ್ಟುಹೋದ ಗುಂಡುಕಲ್ಲುಗಳ ಪದರದ ಚಿತ್ರ ಸಿಕ್ಕರಂತೂ ಬಹಳ ಉಪಕಾರ. ದಕ್ಷಿಣದ ನೆಲವೂ ಒಂದು ಕಾಲಕ್ಕೆ ಹಿಮ ಕಂಡಿತ್ತು ಎಂದು ಮಕ್ಕಳಿಗೆ ಹೇಳಲೇಬೇಕೆಂಬ ಆಸೆ ನನಗೆ.

ಬಾಗಲಕೋಟೆ, ವಿಜಯಪುರದ ಭೂವಿಜ್ಞಾನ ವಿದ್ಯಾರ್ಥಿಗಳು ಶನಿವಾರ ಬೆಳಿಗ್ಗೆ ಶಾಲೆಗೆ ಬಂದು ಮಾತನಾಡುವುದಾದರೆ ಬಸ್ ಖರ್ಚು, ಊಟ ನನ್ನ ಕಡೆಯಿಂದ.