ಡೆಲ್ಟಾಗೆ ಕನ್ನಡದಲ್ಲಿ ಏನನ್ನೋಣ? (ಒಂದು ಆಲ್ಬಮ್ ನೆಪದಲ್ಲಿ)

ಗೆಳೆಯರೇ,

ಇಂಗ್ಲೆಂಡಿನ ಆಲ್ಟ್-ಜೆ ಎಂಬ ಸಂಗೀತ ತಂಡದ ಮೊದಲ ಆಲ್ಬಮ್ 'ಆ್ಯನ್ ಆಸಮ್ ವೇವ್' ಬಗ್ಗೆ ಒಂದು ಪುಟ್ಟ ಬರಹ ಬರೆಯುತ್ತಿದ್ದೇನೆ. ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಓದುವಾಗ 2007ರಲ್ಲಿ ಜೊತೆಯಾದ ಹುಡುಗರು ಇವರು. ಆಲ್ಬಮ್ ಬಂದಿದ್ದು 2012ರ ಮೇ ತಿಂಗಳಲ್ಲಿ. ಅದೇ ವರ್ಷ ಬ್ರಿಟನ್ನಿನಲ್ಲಿ ವರ್ಷದ ಒಳ್ಳೆಯ ಆಲ್ಬಮ್ಮಿಗೆ ಕೊಡುವ ಮರ್ಕ್ಯುರಿ ಪ್ರಶಸ್ತಿಯೂ ಸಿಕ್ಕಿತು. ಐದು ವರ್ಷ ಹೊತ್ತು ಹೆತ್ತದ್ದು, ಹಾಗಾಗಿ 'ಚೊಚ್ಚಲ' ಅನ್ನೋದಕ್ಕೆ ನನ್ನ ತಕರಾರಿಲ್ಲ. ತೊಡಕಿರುವುದು ಡೆಲ್ಟಾದಲ್ಲಿ.

ಈ ತಂಡದ ಹೆಸರೇ ಒಂದು ಚಿಹ್ನೆ, ಗ್ರೀಕರ ತ್ರಿಕೋನ ಡೆಲ್ಟಾ. ಮ್ಯಾಕ್ ಕಂಪ್ಯೂಟರಿನಲ್ಲಿ ಆಲ್ಟ್ ಕೀಲಿ ಹಿಡಿದು ಜೆ ಒತ್ತಿದರೆ ಅದು ಮೂಡುತ್ತದೆ. ಬಾಯಲ್ಲಿ ಹೇಳಬೇಕಲ್ಲ, ಅದಕ್ಕೆ ಆಲ್ಟ್-ಜೆ. 'ಟೆಸಲೇಟ್' ಅನ್ನುವ ಹಾಡಿನಲ್ಲೂ ತ್ರಿಕೋನದ ಗುಣಗಾನವಿದೆ. ಇನ್ನು ಆಲ್ಬಮ್ಮಿನ ಮುಖಚಿತ್ರದಲ್ಲಿ ಗಂಗೆ ಸಾವಿರ ಕವಲಾಗಿ ಬಂಗಾಳ ಕೊಲ್ಲಿ ಸೇರುವ ಜಾಗ, ಅಂದರೆ ಗಂಗೆಯ ಡೆಲ್ಟಾ ಇದೆ. ಯುರೋಪಿನ ಎನ್ವಿಸ್ಯಾಟ್ ಉಪಗ್ರಹ ಬೇರೆ ಬೇರೆ ದಿನ ತೆಗೆದ ರೇಡಾರ್ ಚಿತ್ರಗಳನ್ನು ಒಂದರ ಮೇಲೊಂದು ಕೂರಿಸಿ ಮಾಡಿದ್ದು. ಆ ದಿನಗಳ ನಡುವೆ ನೆಲದಲ್ಲಿ ಏನು ಬದಲಾಯಿತೋ ಅದೇ ಅಲ್ಲಿ ಬಣ್ಣವಾಗಿ ಕಾಣುತ್ತದೆ. ಗಣಿತದವರಿಗೆ ಡೆಲ್ಟಾ ಅಂದರೆ ಬದಲಾವಣೆ ತಾನೇ? ತಂಡದವರು ಅಷ್ಟೆಲ್ಲ ಯೋಚಿಸಿದ್ದರೋ ಇಲ್ಲವೋ, ಕೂಡಿಬಂದಿದೆ.

ಹೀಗೆ ಅಕ್ಷರ, ಆಕಾರ, ನೆಲ ಮೂರಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದ. ಕನ್ನಡದಲ್ಲಿ ಬರೆದ ಕೂಡಲೇ ಕೊಂಡಿ ಕಳಚುತ್ತದೆ. ನಮ್ಮ ಭೂಗೋಳದ ಪುಸ್ತಕದ 'ನದೀಮುಖಜ ಭೂಮಿ' ಅರ್ಥದಲ್ಲಿ ಸರಿ, ಆದರೆ ಅದರಲ್ಲಿ ತ್ರಿಕೋನವೇ ಇಲ್ಲ. ಪರೀಕ್ಷೆ ಮುಗಿದ ಮೇಲೆ ಅದನ್ನು ಬಾಯಲ್ಲಿ ಆಡಿದವರೂ ಕಮ್ಮಿ. ಮುಮ್ಮೂಲೆ ನೆಲ ಅನ್ನಬಹುದು, ಯಾಕೋ ಸೈಟಿನ ಜಾಹೀರಾತಿನ ಹಾಗೆ ಕೇಳುತ್ತದೆ.

ಹೊಟ್ಟೆಕಿಚ್ಚಾಗಿದ್ದು ಬಂಗಾಳಿ ನೋಡಿ. ಮುಖಚಿತ್ರದಲ್ಲಿರುವ ನೆಲದ ಭಾಷೆಯೇ ಅದು. ಅವರು ಡೆಲ್ಟಾಗೆ 'ಬ-ದ್ವೀಪ' ಅನ್ನುತ್ತಾರೆ. ಅವರ 'ಬ' ಅಕ್ಷರ ಎಡಕ್ಕೆ ಮೂತಿ ಚಾಚಿದ ತ್ರಿಕೋನ, ಅದಕ್ಕೆ. ನೈಲ್ ನದಿಯ ನೆಲಕ್ಕೆ ಗ್ರೀಕರು ತಮ್ಮ ಅಕ್ಷರದ ಹೆಸರಿಟ್ಟರಲ್ಲ, ಅದನ್ನೇ ತಮ್ಮ ಲಿಪಿಯಲ್ಲಿ ಮಾಡಿಕೊಂಡರು. ನಾವು ಹಾಗೆ ಮಾಡೋಣವೆಂದರೆ ನಮ್ಮ ಅಕ್ಷರಗಳೆಲ್ಲ ದುಂಡು ದುಂಡು. ಹುಡುಕಿದರೂ ಒಂದು ತ್ರಿಕೋನ ಸಿಗುವುದಿಲ್ಲ.

ನಮಗೆ ಪದ ಇಲ್ಲದಿರೋದಕ್ಕೆ ಕಾರಣವೂ ಇದೆ ಅನಿಸುತ್ತದೆ. ಕಾವೇರಿ ಹರಡಿಕೊಳ್ಳುವುದು ತಂಜಾವೂರಿನ ಕಡೆ, ಕೃಷ್ಣೆ ಆಂಧ್ರದಲ್ಲಿ. ಘಟ್ಟ ಇಳಿದು ಪಡುವಣಕ್ಕೆ ಹೋಗುವ ನೇತ್ರಾವತಿ, ಶರಾವತಿ, ಅಘನಾಶಿನಿ ಡೆಲ್ಟಾ ಕಟ್ಟುವುದಿಲ್ಲ, ಅಳಿವೆಯಲ್ಲಿ ಸಮುದ್ರ ಸೇರುತ್ತವೆ. ಅಳಿವೆ ಎಂಬ ಚೆಂದದ ಪದ ಅದಕ್ಕೇ ನಮಗಿದೆ. ಆದರೆ ಅದು ನದಿಯ ಬಾಯಿಯ ಹೆಸರು, ಮೆಕ್ಕಲು ಕೂತು ಬೆಳೆದ ನೆಲದ್ದಲ್ಲ. ಕೆಲವರು ಎರಡನ್ನೂ ಒಂದೇ ಎಂಬಂತೆ ಬಳಸುತ್ತಾರೆ, ಅದು ಬೇಡ.

ಸದ್ಯಕ್ಕೆ ನನ್ನ ಒಲವು 'ಡೆಲ್ಟಾ'ವನ್ನೇ ಉಳಿಸುವ ಕಡೆ. ತಮಿಳರು ವಡಿನಿಲಂ ಎಂಬ ತಮ್ಮದೇ ಪದ ಇದ್ದೂ 'ಡೆಲ್ಟಾ ಜಿಲ್ಲೆಗಳು' ಅಂತಲೇ ಆಡುತ್ತಾರೆ. 2021ರ ಕೊರೊನಾ ಅಲೆಯಲ್ಲಿ ನಮ್ಮ ಪತ್ರಿಕೆಗಳೂ ಈ ಪದವನ್ನು ಮನೆಮನೆಗೆ ಮುಟ್ಟಿಸಿವೆ. ಹಾಡಿನ ಬರಹಕ್ಕೆ ಆ ನೆನಪು ಅಂಟಿಕೊಳ್ಳುತ್ತದಲ್ಲ ಅನ್ನುವುದೊಂದೇ ಇರುಸುಮುರುಸು.

ಕರಾವಳಿಯವರಿಗೆ ಒಂದು ಪ್ರಶ್ನೆ. ಉಪ್ಪಿನಕುದ್ರು ಎಂಬ ಊರಿನ ಹೆಸರಲ್ಲಿರುವ 'ಕುದ್ರು' ಅಂದರೆ ಹೊಳೆ ನಡುವಿನ ನಡುಗಡ್ಡೆ ಅಂತ ಗೊತ್ತು. ಅಂಥ ಹಲವು ಕುದ್ರುಗಳು ಗುಂಪಾಗಿರುವ ಇಡೀ ಜಾಗಕ್ಕೆ ನಿಮ್ಮ ಕಡೆ ಬೇರೆ ಹೆಸರಿದೆಯಾ? ಕುಂದಾಪುರ ಕನ್ನಡದ್ದಾದರೂ ಸರಿ, ತುಳುವಿನದ್ದಾದರೂ ಸರಿ, ತಿಳಿಸಿ.